ಮೋಡದ ಕಾಡಿನ ಮರಕತ ಪಕ್ಷಿ

ನಾಣ್ಯಗಳ ಹೆಸರು ಸಾಮಾನ್ಯವಾಗಿ ಲೋಹದಿಂದಲೋ ತೂಕದಿಂದಲೋ ಬಂದಿರುತ್ತದೆ. ನಮ್ಮ ‘ರೂಪಾಯಿ’ ಎಂಬ ಮಾತಿನಲ್ಲಿ ರೂಪ್ಯ, ಎಂದರೆ ಬೆಳ್ಳಿ, ಅಡಗಿದೆ. ಇಂಗ್ಲೆಂಡಿನ ಪೌಂಡು ಒಂದು ತೂಕದ ಹೆಸರು. ಆದರೆ ಮಧ್ಯ ಅಮೆರಿಕದ ಗ್ವಾಟೆಮಾಲ ಎಂಬ ದೇಶದಲ್ಲಿ ಅಂಗಡಿಗೆ ಹೋದವರು ಹಣವನ್ನು ಎಣಿಸುವುದು ಒಂದು ಹಕ್ಕಿಯ ಹೆಸರಿನಲ್ಲಿ. ೧೯೨೫ರಿಂದ ಆ ದೇಶದ ನಾಣ್ಯದ ಹೆಸರು ‘ಕೆಟ್ಸಾಲ್’. ಅದಕ್ಕೂ ಹಿಂದೆ, ೧೮೭೧ರಲ್ಲಿಯೇ, ಈ ಹಕ್ಕಿ ಗ್ವಾಟೆಮಾಲದ ರಾಷ್ಟ್ರಲಾಂಛನವನ್ನು ಏರಿ ಕುಳಿತಿತ್ತು. ಆ ದೇಶದ ಧ್ವಜದ ನಡುವೆಯೂ ಅದರ ಚಿತ್ರವುಂಟು.

ಹೀಗೆ ಹಕ್ಕಿಗೆ ಸಲ್ಲುತ್ತಿರುವ ಗೌರವಕ್ಕೇನೂ ಕೊರತೆಯಿಲ್ಲ. ಕೊರತೆಯಾಗಿರುವುದು ಅದಕ್ಕೆ ಬದುಕಲು ಬೇಕಾದ ಕಾಡು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಕೆಟ್ಸಾಲನ್ನು ‘ಅಪಾಯದ ಅಂಚಿಗೆ ಸಮೀಪಿಸಿರುವ’ ಜೀವಿಗಳ ವರ್ಗದಲ್ಲಿ ಸೇರಿಸಿದೆ. ಕಾಡನ್ನು ಕಡಿದರೆ ಹಕ್ಕಿ ಅಳಿಯುವುದೆಂಬುದು ಯಾರಿಗಾದರೂ ತಿಳಿಯುವ ಮಾತು. ಆದರೆ ಬಹು ಎಚ್ಚರಿಕೆಯಿಂದ ಕಾಪಾಡಿದ ಕಾಡಿನಲ್ಲಿಯೂ ಕೆಟ್ಸಾಲ್ ಸುರಕ್ಷಿತವಾಗಿರಲಿಲ್ಲವೆಂಬುದು ವಿಜ್ಞಾನಿಗಳಿಗೆ ಸ್ವಲ್ಪ ತಡವಾಗಿ ತಿಳಿಯಿತು. ಇದೇಕೆ ಹೀಗೆ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಭೌತವಿಜ್ಞಾನವನ್ನು ಪಾಠ ಹೇಳುವ ನಮಗೆ ಹಕ್ಕಿಯ ಗೊಡವೆ ಏಕೆಂದು ಓದುಗರು ಕೇಳಬಹುದು. ಈ ಹಕ್ಕಿಯ ಕಥೆಯಲ್ಲಿ ಭೌತವಿಜ್ಞಾನ ಎರಡು ಕಡೆ ಬರುತ್ತದೆ. ಒಂದು, ಅದರ ಗರಿಯ ಬಣ್ಣದಲ್ಲಿ. ಮತ್ತೊಂದು, ಅದರ ಕಾಡನ್ನು ಕವಿಯುವ ಮೋಡದಲ್ಲಿ.

ಹಕ್ಕಿಯ ಸ್ವರೂಪ

ಮೆಕ್ಸಿಕೋ ದೇಶದ ದಕ್ಷಿಣದಲ್ಲಿರುವ ಚಿಯಾಪಾಸ್ ಪ್ರಾಂತದಿಂದ ಹಿಡಿದು ಪನಾಮ ದೇಶದ ಪಶ್ಚಿಮ ಭಾಗದವರೆಗೆ ಬೆಟ್ಟಗಳ ಸಾಲೊಂದು ಹಬ್ಬಿದೆ. ಅದರ ಒಂದು ಮಗ್ಗುಲಿಗೆ ಶಾಂತಸಾಗರ, ಇನ್ನೊಂದು ಮಗ್ಗುಲಿಗೆ ಅಟ್ಲಾಂಟಿಕ್ ಸಾಗರಕ್ಕೆ ಸೇರಿದ ಕೆರಿಬಿಯನ್ ಸಮುದ್ರ. ಈ ಬೆಟ್ಟಗಳ ಮೇಲೆ, ಸಾಮಾನ್ಯವಾಗಿ ೧,೨೦೦ರಿಂದ ೩,೦೦೦ ಮೀಟರ್ ಎತ್ತರದಲ್ಲಿ, ಸದಾ ಮಂಜು ಮುಸುಕಿದ ತಂಪಾದ ಕಾಡುಗಳಿವೆ. ಅಲ್ಲಿಯೇ ಕೆಟ್ಸಾಲಿನ ವಾಸ. ನಮ್ಮ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಎತ್ತರ ಸುಮಾರು ೧,೯೦೦ ಮೀಟರ್ ಎಂಬುದನ್ನು ನೆನೆದರೆ ಈ ಎತ್ತರದ ಕಲ್ಪನೆ ಬರುತ್ತದೆ.

ಕೊಕ್ಕಿನಿಂದ ಬಾಲದ ತುದಿಯವರೆಗೆ ಕೆಟ್ಸಾಲಿನ ಉದ್ದ ೩೬ರಿಂದ ೪೦ ಸೆಂಟಿಮೀಟರ್. ತೂಕ ಸುಮಾರು ೨೦೦ ಗ್ರಾಂ. ಎಂದರೆ ಪಾರಿವಾಳಕ್ಕಿಂತ ಸ್ವಲ್ಪ ಉದ್ದ, ತೂಕದಲ್ಲಿ ಅದಕ್ಕಿಂತ ಹಗುರ. ಗಂಡು ಹಕ್ಕಿಯ ತಲೆ, ಬೆನ್ನು, ಎದೆಗಳು ಹೊಳೆಯುವ ಹಸಿರು, ಹೊಟ್ಟೆ ಕಡುಗೆಂಪು, ಬಾಲದ ಅಡಿಭಾಗ ಅಚ್ಚ ಬಿಳುಪು. ಇವೆಲ್ಲಕ್ಕೂ ಮಿಗಿಲಾದ ಸೊಬಗು ಹಿಂದಕ್ಕೆ ಇಳಿಬಿದ್ದಿರುವ ನೀಳವಾದ ಹಸಿರು ಗರಿಗಳದು. ಇವು ಹಕ್ಕಿಯ ದೇಹಕ್ಕಿಂತಲೂ ಉದ್ದವಾಗಿ ಬೆಳೆಯುತ್ತವೆ. ಗಂಡು ಹಾರುವಾಗ ರೇಷ್ಮೆಯ ಪಟ್ಟಿಗಳಂತೆ ಗಾಳಿಯಲ್ಲಿ ತೇಲಿ ಬರುತ್ತವೆ. ನೋಡಿದವರು ಇದನ್ನು ಬಾಲವೆಂದೇ ತಿಳಿಯುತ್ತಾರೆ. ಆದರೆ ಇದು ಬಾಲವಲ್ಲ, ಬಾಲದ ಬುಡವನ್ನು ಮುಚ್ಚುವ ಹೊದಿಕೆ ಗರಿಗಳೇ ಹೀಗೆ ಉದ್ದವಾಗಿ ಬೆಳೆದಿವೆ. ನಮ್ಮ ನವಿಲಿನ ಗರಿಗಳ ಕಥೆಯೂ ಇದೇ. ನವಿಲಿನ ನಿಜವಾದ ಬಾಲ ಆ ಕಣ್ಣುಗಳ ಚಪ್ಪರದ ಹಿಂದೆ ಕಂಬದಂತೆ ನಿಂತಿರುತ್ತದೆ.

ಮೆಕ್ಸಿಕೋದ ಪಾಬ್ಲೊ ದೆ ಲಾ ಯಾವೆ ಎಂಬ ನಿಸರ್ಗವಿಜ್ಞಾನಿ ೧೮೩೨ರಲ್ಲಿ ಈ ಹಕ್ಕಿಗೆ ‘ಫ್ಯಾರೊಮ್ಯಾಕ್ರಸ್ ಮೊಸಿನೊ’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ಮೊದಲ ಪದಕ್ಕೆ ಗ್ರೀಕ್ ಭಾಷೆಯಲ್ಲಿ ‘ನೀಳವಾದ ನಿಲುವಂಗಿ’ ಎಂದರ್ಥ. ಎರಡನೆಯದು ಹೊಸೆ ಮಾರಿಯಾನೊ ಮೊಸೀನ್ಯೊ ಎಂಬ ಹಿರಿಯ ಸಸ್ಯವಿಜ್ಞಾನಿಯ ನೆನಪಿಗಾಗಿ ಇಟ್ಟದ್ದು.

ಕೆಟ್ಸಾಲ್ ಟ್ರೋಗನ್ ಎಂಬ ಕುಲಕ್ಕೆ ಸೇರಿದೆ. ಈ ಕುಲದ ಹಕ್ಕಿಯೊಂದು ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಉಂಟು. ಕಪ್ಪು ತಲೆ, ಎದೆಗೆ ಅಡ್ಡಲಾಗಿ ಬಿಳಿಯ ಪಟ್ಟಿ, ಗುಲಾಬಿಗೆಂಪಿನ ಹೊಟ್ಟೆ ಇರುವ ಮಲಬಾರ್ ಟ್ರೋಗನ್ನನ್ನು ಮಲೆನಾಡಿನ ಓದುಗರಲ್ಲಿ ಕೆಲವರಾದರೂ ಕಂಡಿರಬಹುದು. ಟ್ರೋಗನ್‌ಗಳ ಕಾಲನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಗಿಳಿ ಮರಕುಟಿಗಗಳಂತೆ ಇವುಗಳಿಗೂ ಎರಡು ಬೆರಳು ಮುಂದಕ್ಕೆ, ಎರಡು ಬೆರಳು ಹಿಂದಕ್ಕೆ. ಆದರೆ ಗಿಳಿಗಳಲ್ಲಿ ಹಿಂದಕ್ಕೆ ತಿರುಗಿರುವುದು ಮೊದಲನೆಯ ಮತ್ತು ನಾಲ್ಕನೆಯ ಬೆರಳು. ಟ್ರೋಗನ್‌ಗಳಲ್ಲಿ ಮೊದಲನೆಯದು ಮತ್ತು ಎರಡನೆಯದು. ಬೇರೆ ಯಾವ ಹಕ್ಕಿಯ ಕುಲದಲ್ಲಿಯೂ ಈ ಜೋಡಣೆಯಿಲ್ಲ. ಸಾಗರಗಳಾಚೆ ಇರುವ ಕೆಟ್ಸಾಲೂ ನಮ್ಮ ಘಟ್ಟದ ಹಕ್ಕಿಯೂ ದಾಯಾದಿಗಳೆಂಬುದಕ್ಕೆ ಈ ಬೆರಳುಗಳೂ ಸಾಕ್ಷಿ.

ಹಸಿರು ಎಲ್ಲಿದೆ?

ಕೆಟ್ಸಾಲಿನ ಹೊಟ್ಟೆಯ ಕೆಂಪು ಮತ್ತು ಬೆನ್ನಿನ ಹಸಿರು ಒಂದೇ ಬಗೆಯ ಬಣ್ಣಗಳಲ್ಲ. ಕೆಂಪು ಒಂದು ವರ್ಣದ್ರವ್ಯದಿಂದ ಬಂದದ್ದು. ಗಜ್ಜರಿಗೆ ಬಣ್ಣ ಕೊಡುವ ವಸ್ತುಗಳ ವರ್ಗಕ್ಕೆ ಸೇರಿದ ಈ ದ್ರವ್ಯವು ಹಕ್ಕಿಗೆ ಆಹಾರದ ಮೂಲಕ ದೊರೆಯುತ್ತದೆ. ಆದರೆ ಹಸಿರಿಗೆ ಹಸಿರು ದ್ರವ್ಯವೇ ಇಲ್ಲ! ಹಸಿರು ಗರಿಯನ್ನು ಅರೆದು ಪುಡಿ ಮಾಡಿದರೆ ಉಳಿಯುವುದು ಮಂಕಾದ ಕಂದು ಬಣ್ಣ ಮಾತ್ರ. ಹಾಗಾದರೆ ಹಸಿರು ಎಲ್ಲಿಂದ ಬಂತು?

ಸಾಬೂನಿನ ಗುಳ್ಳೆಯನ್ನು ನೆನೆಯೋಣ. ಸಾಬೂನಿನ ನೀರಿಗೆ ಬಣ್ಣವಿಲ್ಲ. ಗುಳ್ಳೆಗೆ ಮಾತ್ರ ಕಾಮನಬಿಲ್ಲಿನ ಬಣ್ಣಗಳೆಲ್ಲ ಇವೆ. ಗುಳ್ಳೆಯ ತೆಳುಪೊರೆಗೆ ಎರಡು ಮೈಗಳು, ಹೊರಗೊಂದು, ಒಳಗೊಂದು. ಬೆಳಕು ಎರಡರಿಂದಲೂ ಪ್ರತಿಫಲಿಸಿ ಬರುತ್ತದೆ. ಒಳಮೈಯಿಂದ ಬಂದ ಅಲೆಯು ತುಸು ಹೆಚ್ಚು ದೂರ ಸಾಗಿ ಬಂದಿರುವುದರಿಂದ ಅದು ಹೊರಮೈಯ ಅಲೆಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಎರಡು ಅಲೆಗಳ ಏರು ಏರಿಗೆ ಕೂಡಿಬಂದರೆ ಆ ಬಣ್ಣ ಪ್ರಬಲವಾಗುವುದು. ಒಂದರ ಏರು ಮತ್ತೊಂದರ ಇಳಿವಿಗೆ ಬಿದ್ದರೆ ಆ ಬಣ್ಣ ಅಡಗಿಹೋಗುವುದು. ಇದಕ್ಕೆ ವ್ಯತಿಕರಣವೆಂದು ಹೆಸರು. ಯಾವ ಬಣ್ಣ ಉಳಿಯಬೇಕು, ಯಾವುದು ಅಡಗಬೇಕು ಎಂಬುದನ್ನು ಪೊರೆಯ ದಪ್ಪವೇ ಗೊತ್ತುಮಾಡುತ್ತದೆ.

ಕೆಟ್ಸಾಲಿನ ಗರಿಯಲ್ಲಿ ನಡೆಯುವುದೂ ಇದೇ. ಗರಿಯ ಒಂದೊಂದು ಎಳೆಯಿಂದಲೂ ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಎಳೆಗಳು ಹೊರಟಿರುತ್ತವೆ. ಅವುಗಳ ಒಳಗೆ ಮೆಲಾನಿನ್ ಎಂಬ ಕಂದುಗಪ್ಪು ವಸ್ತುವಿನ ಕಣಗಳು ಪದರಪದರವಾಗಿ ಅಣಿಗೊಂಡಿವೆ. ಹಸಿರು ಬೆಳಕಿನ ಅಲೆಯುದ್ದ ಒಂದು ಮಿಲಿಮೀಟರಿನಲ್ಲಿ ಸುಮಾರು ಎರಡು ಸಾವಿರದ ಒಂದು ಪಾಲು. ಪದರಗಳ ಅಂತರ ಅದಕ್ಕಿಂತಲೂ ಕಿರಿದು. ಇಷ್ಟು ಸೂಕ್ಷ್ಮವಾದ ಅಂತರವನ್ನು ಗರಿಯ ಉದ್ದಕ್ಕೂ ತಪ್ಪದೆ ಕಾಯ್ದುಕೊಂಡು ಬಂದಿರುವುದರಿಂದಲೇ ಅದರ ಹಸಿರು ಅಷ್ಟು ಅಚ್ಚುಕಟ್ಟಾಗಿದೆ. ಹಸಿರಾಗದೆ ಉಳಿದ ಬೆಳಕನ್ನು ಕಪ್ಪು ಮೆಲಾನಿನ್ ಹೀರಿಕೊಳ್ಳುವುದರಿಂದ ಬಣ್ಣ ಇನ್ನಷ್ಟು ಎದ್ದು ಕಾಣುತ್ತದೆ. ನೋಟದ ಕೋನ ಬದಲಾದರೆ ಅಲೆಗಳು ಸಾಗುವ ದಾರಿಯ ವ್ಯತ್ಯಾಸವೂ ಬದಲಾಗುವುದಷ್ಟೆ. ಆದುದರಿಂದ ಅದೇ ಗರಿ ಒಮ್ಮೆ ಹೊಂಬಣ್ಣದ ಹಸಿರಾಗಿಯೂ ಒಮ್ಮೆ ನೀಲಿಯಾಗಿಯೂ ತೋರುತ್ತದೆ.

ಹಕ್ಕಿಯ ಗರಿಯಲ್ಲಿ ಬೆಳಕಿನ ಈ ಬಗೆಯ ಆಟವನ್ನು ಹುಡುಕಿದವರಲ್ಲಿ ನಮ್ಮ ಸರ್ ಸಿ. ವಿ. ರಾಮನ್ ಅವರೂ ಒಬ್ಬರು. ೧೯೩೪ರಲ್ಲಿ ಅವರು ಬೆಂಗಳೂರಿನಲ್ಲಿದ್ದಾಗ ಪಕ್ಷಿಗಳ ಗರಿಯ ಬಣ್ಣದ ಮೂಲವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದ್ದು ಈಗ ಕರ್ನಾಟಕದ ರಾಜ್ಯಪಕ್ಷಿಯಾಗಿರುವ ನೀಲಕಂಠದ ಗರಿಗಳನ್ನು. ನೀಲಕಂಠದ ಗರಿಯ ಒಳರಚನೆ ಬೇರೆ. ಅದರ ನೀಲಿ ಕೆಟ್ಸಾಲಿನ ಹಸಿರಿನಂತೆ ಕೋನಕೋನಕ್ಕೆ ಹೊಯ್ದಾಡುವುದಿಲ್ಲ. ಆದರೂ ಮೂಲತತ್ತ್ವ ಒಂದೇ: ಬಣ್ಣವಿರುವುದು ವಸ್ತುವಿನಲ್ಲಲ್ಲ, ವಸ್ತುವಿನ ಜೋಡಣೆಯಲ್ಲಿ. ಜೋಡಣೆ ಕೆಟ್ಟರೆ ಬಣ್ಣ ಹೋಯಿತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಕೆಟ್ಸಾಲಿನ ಗರಿಗೆ ಸಲ್ಲುವ ಈ ಮಾತು ಅದರ ಕಾಡಿಗೂ ಸಲ್ಲುತ್ತದೆಂಬುದನ್ನು ಮುಂದೆ ನೋಡೋಣ.

ಗರಿಯ ಬೆಲೆ

ಮಾಯಾ ಮತ್ತು ಅಜ್ಟೆಕ್ ಜನರಿಗೆ ಕೆಟ್ಸಾಲಿನ ಗರಿ ಅತ್ಯಂತ ಅಮೂಲ್ಯವಾಗಿತ್ತು. ‘ಕೆಟ್ಸಾಲ್’ ಎಂಬ ಹೆಸರೇ ಅಜ್ಟೆಕ್ ಜನರ ನಾವಾಟ್ಲ್ ಭಾಷೆಯಿಂದ ಬಂದದ್ದು. ಆ ಮಾತಿಗೆ ನೀಳವಾದ ಬೆಲೆಬಾಳುವ ಹಸಿರು ಗರಿ ಎಂಬ ಅರ್ಥವಿದೆ. ಅವರ ದೊಡ್ಡ ದೇವತೆಗಳಲ್ಲೊಬ್ಬನಾದ ಕೆಟ್ಸಾಲ್‌ಕೋಟ್ಲ್ ಎಂಬವನು ಗರಿಗಳನ್ನು ಹೊದ್ದ ಸರ್ಪ. ಅಜ್ಟೆಕ್ ದೊರೆಗಳಿಗೆ ಸಾಮಂತ ಪ್ರಾಂತಗಳು ಸಲ್ಲಿಸುತ್ತಿದ್ದ ಕಪ್ಪಕಾಣಿಕೆಗಳ ಪಟ್ಟಿಯಲ್ಲಿ ಈ ಗರಿಗಳ ಕಟ್ಟುಗಳಿಗೆ ಸ್ಥಾನವಿತ್ತು. ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ವಸ್ತುಸಂಗ್ರಹಾಲಯದಲ್ಲಿ ಅಜ್ಟೆಕರ ಕಾಲದ ಒಂದು ಕಿರೀಟವಿದೆ. ಅದರಲ್ಲಿ ನಾನೂರಕ್ಕೂ ಹೆಚ್ಚು ನೀಳವಾದ ಕೆಟ್ಸಾಲ್ ಗರಿಗಳನ್ನು ಬೀಸಣಿಗೆಯಂತೆ ಜೋಡಿಸಿದ್ದಾರೆ. ಒಂದು ಗಂಡಿನ ಮೈಮೇಲೆ ಇಂಥ ನೀಳವಾದ ಗರಿಗಳು ಕೆಲವೇ ಇರುವುದರಿಂದ ಈ ಒಂದು ಕಿರೀಟಕ್ಕೆ ಬಹಳ ಹಕ್ಕಿಗಳ ಗರಿ ಬೇಕಾಗಿದ್ದಿರಬೇಕು.

ಹಾಗಾದರೆ ಹಕ್ಕಿಗಳೆಲ್ಲ ಆಗಲೇ ಅಳಿಯಲಿಲ್ಲವೇಕೆ? ಆ ಜನರು ಹಕ್ಕಿಯನ್ನು ಹಿಡಿದು, ಉದ್ದ ಗರಿಗಳನ್ನು ಮಾತ್ರ ಕಿತ್ತು, ಬಿಟ್ಟುಬಿಡುತ್ತಿದ್ದರು. ಗರಿ ಮತ್ತೆ ಬೆಳೆಯುತ್ತಿತ್ತು. ಹಕ್ಕಿಯನ್ನು ಕೊಂದವನಿಗೆ ಕಠಿಣ ಶಿಕ್ಷೆಯಿತ್ತೆಂದು ಹದಿನಾರನೆಯ ಶತಮಾನದ ಸ್ಪ್ಯಾನಿಷ್ ಬರಹಗಳು ಹೇಳುತ್ತವೆ. ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ಬದುಕುವವನ ಲೆಕ್ಕಾಚಾರ ಇದು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಲೆಕ್ಕ ತಪ್ಪಿತು. ಯುರೋಪಿನ ಸಂಗ್ರಹಕಾರರಿಗಾಗಿ ಹಕ್ಕಿಗಳನ್ನು ಹೊಡೆದು, ಚರ್ಮ ಸುಲಿದು, ಹಡಗುಗಳಲ್ಲಿ ಕಳುಹಿಸತೊಡಗಿದರು.

ಈಗ ಆ ವ್ಯಾಪಾರಕ್ಕೆ ಅವಕಾಶವಿಲ್ಲ. ಅಳಿವಿನಂಚಿನ ಜೀವಿಗಳ ಮಾರಾಟವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಒಂದನೆಯ ಪಟ್ಟಿಯಲ್ಲಿ ಕೆಟ್ಸಾಲ್ ಇದೆ. ವ್ಯಾಪಾರಕ್ಕಾಗಿ ಅದನ್ನು ದೇಶದಿಂದ ದೇಶಕ್ಕೆ ಸಾಗಿಸುವಂತಿಲ್ಲ. ಕಳ್ಳಬೇಟೆ ಪೂರ್ತಿ ನಿಂತಿಲ್ಲವಾದರೂ ಇಂದು ಬಂದೂಕಿಗಿಂತ ಕೊಡಲಿಯೇ ಈ ಹಕ್ಕಿಗೆ ದೊಡ್ಡ ಶತ್ರು.

ಕಾಡಿನಲ್ಲಿ ಸಂಸಾರ

ಕೊಡಗು ಮಲೆನಾಡುಗಳ ತೋಟಗಳಲ್ಲಿ ಬೆಳೆಯುವ ಬೆಣ್ಣೆಹಣ್ಣನ್ನು ನಾವು ಬಲ್ಲೆವು. ಮಧ್ಯ ಅಮೆರಿಕವೇ ಅದರ ತವರು. ಅದರ ಕಾಡುಬಂಧುಗಳು ಕೆಟ್ಸಾಲಿನ ಮುಖ್ಯ ಆಹಾರ. ದಾಲ್ಚಿನ್ನಿಯೂ ಇದೇ ಸಸ್ಯಕುಟುಂಬದ್ದು. ಈ ಕಾಡುಹಣ್ಣುಗಳು ಬೆಣ್ಣೆಹಣ್ಣಿನಷ್ಟು ದೊಡ್ಡವಲ್ಲ. ತೆಳುವಾದ ತಿರುಳು, ನಡುವೆ ದೊಡ್ಡ ಬೀಜ. ಹಕ್ಕಿ ಹಾರಿಬಂದು, ರೆಕ್ಕೆ ಬಡಿಯುತ್ತಲೇ ಹಣ್ಣನ್ನು ಕಿತ್ತು, ಕೊಂಬೆಗೆ ಮರಳಿ, ಇಡಿಯಾಗಿ ನುಂಗುತ್ತದೆ. ತಿರುಳು ಜೀರ್ಣವಾದ ಮೇಲೆ ಬೀಜವನ್ನು ಬಾಯಿಂದ ಹೊರಹಾಕುತ್ತದೆ. ಅಷ್ಟರಲ್ಲಿ ಅದು ತಾಯಿಮರದಿಂದ ದೂರ ಬಂದಿರುವುದೂ ಉಂಟು. ಹೀಗೆ ಮರ ಹಕ್ಕಿಯನ್ನು ಸಾಕುತ್ತದೆ, ಹಕ್ಕಿ ಮರವನ್ನು ಬಿತ್ತುತ್ತದೆ.

ನೇಥನೀಲ್ ವೀಲ್‌ರೈಟ್ ಎಂಬ ವಿಜ್ಞಾನಿ ಕೋಸ್ಟ ರೀಕ ದೇಶದಲ್ಲಿ ಈ ಹಕ್ಕಿಗಳ ಆಹಾರವನ್ನು ಪರಿಶೀಲಿಸಿ ೧೯೮೩ರಲ್ಲಿ ಪ್ರಕಟಿಸಿದರು. ಕೆಟ್ಸಾಲ್ ತಿನ್ನುವ ಹಣ್ಣುಗಳಲ್ಲಿ ಬಗೆಬಗೆಯವು ಇದ್ದರೂ ಅದು ಹೆಚ್ಚಾಗಿ ನೆಚ್ಚಿರುವುದು ಬೆಣ್ಣೆಹಣ್ಣಿನ ಕುಟುಂಬವನ್ನು. ಈ ಕುಟುಂಬದ ಮರಗಳೆಲ್ಲ ಒಂದೇ ಕಾಲದಲ್ಲಿ, ಒಂದೇ ಎತ್ತರದಲ್ಲಿ ಹಣ್ಣು ಬಿಡುವುದಿಲ್ಲ. ಒಂದು ಜಾತಿಯ ಹಣ್ಣು ಮುಗಿಯುವಾಗ ಮತ್ತೊಂದು ಜಾತಿಯದು ಇನ್ನೆಲ್ಲಿಯೋ ಮಾಗಿರುತ್ತದೆ.

ಮಾರ್ಚಿನಿಂದ ಜೂನ್ ತಿಂಗಳವರೆಗೆ ಮರಿ ಮಾಡುವ ಕಾಲ. ಕೆಟ್ಸಾಲ್ ಗೂಡು ಕಟ್ಟುವುದಿಲ್ಲ; ಮರದಲ್ಲಿ ಪೊಟರೆ ತೋಡುತ್ತದೆ. ಆದರೆ ಮರಕುಟಿಗನಂತೆ ಗಟ್ಟಿ ಮರವನ್ನು ಕೊರೆಯುವ ಕೊಕ್ಕು ಅದಕ್ಕಿಲ್ಲ. ಆದುದರಿಂದ ಸತ್ತು, ಒಳಗೆ ಕೊಳೆತು, ಇನ್ನೂ ಬೀಳದೆ ನಿಂತಿರುವ ಮರವೇ ಬೇಕು. ಹೆಚ್ಚು ಗಟ್ಟಿಯಿದ್ದರೆ ತೋಡಲಾಗದು. ಹೆಚ್ಚು ಕೊಳೆತರೆ ಮರಿಗಳು ಹಾರುವ ಮೊದಲೇ ಮರ ಉರುಳುವುದು. ಇಂಥ ಮರಗಳು ಹಳೆಯ ಕಾಡುಗಳಲ್ಲಿ ಮಾತ್ರ ಸಾಕಷ್ಟು ದೊರೆಯುತ್ತವೆ.

ಹೆಣ್ಣು ಒಂದೆರಡು ತಿಳಿನೀಲಿ ಮೊಟ್ಟೆಗಳನ್ನಿಡುತ್ತದೆ. ಗಂಡುಹೆಣ್ಣುಗಳೆರಡೂ ಸರದಿಯಂತೆ ಕಾವು ಕೊಡುತ್ತವೆ. ರಾತ್ರಿ ಹೆಣ್ಣಿನ ಪಾಳಿ. ಹಗಲಿನಲ್ಲಿ ಗಂಡು ಒಳಗೆ ಕುಳಿತಾಗ ಅದರ ನೀಳಗರಿಗಳು ಪೊಟರೆಯ ಬಾಯಿಂದ ಹೊರಗೆ ಇಣುಕುತ್ತ, ಮರದ ಮೇಲೆ ಬೆಳೆದ ಜರೀಗಿಡದ ಎಲೆಗಳಂತೆ ತೋರುತ್ತವೆ. ಸುಮಾರು ೧೮ ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮೊದಲ ದಿನಗಳಲ್ಲಿ ಅವಕ್ಕೆ ಹುಳುಹುಪ್ಪಟೆ, ಸಣ್ಣ ಹಲ್ಲಿ, ಕಪ್ಪೆಗಳ ಊಟ, ಅನಂತರ ಹಣ್ಣು. ಇನ್ನೊಂದು ತಿಂಗಳಿನ ಹೊತ್ತಿಗೆ ಅವು ಹಾರಬಲ್ಲವು.

ಬೇಲಿಯಾಚೆಯ ಹಾದಿ

ಈಗ ನಾವು ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಕೋಸ್ಟ ರೀಕ ೧೯೪೮ರಲ್ಲಿ ತನ್ನ ಸೈನ್ಯವನ್ನೇ ವಿಸರ್ಜಿಸಿದ ದೇಶ. ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದ ಕೆಲವು ಕುಟುಂಬಗಳು ೧೯೫೧ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನದಿಂದ ಅಲ್ಲಿಗೆ ವಲಸೆ ಬಂದು, ಬೆಟ್ಟದ ಮೇಲೆ ಹೈನುಗಾರಿಕೆ ಹೂಡಿ ನೆಲೆಸಿದವು. ಆ ಜಾಗಕ್ಕೆ ಅವರಿಟ್ಟ ಹೆಸರು ಮೊಂಟೆವೆರ್ಡೆ, ಹಸಿರು ಬೆಟ್ಟ. ತಾವು ಕೊಂಡ ನೆಲದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು, ಹೊಳೆಯ ನೀರು ಬತ್ತಬಾರದೆಂದು, ಕಡಿಯದೆ ಉಳಿಸಿಕೊಂಡರು. ಮುಂದೆ ೧೯೭೨ರಲ್ಲಿ ಇದಕ್ಕೆ ತಾಗಿದಂತೆ ಮೊಂಟೆವೆರ್ಡೆ ರಕ್ಷಿತಾರಣ್ಯ ಸ್ಥಾಪನೆಯಾಯಿತು. ಅದಕ್ಕಾಗಿ ಶ್ರಮಿಸಿದವರಲ್ಲಿ ಜಾರ್ಜ್ ಪೊವೆಲ್ ಎಂಬ ಯುವ ಜೀವವಿಜ್ಞಾನಿಯೂ ಒಬ್ಬರು. ಕೆಟ್ಸಾಲನ್ನು ನೋಡಲೆಂದೇ ದೇಶದೇಶಗಳಿಂದ ಜನ ಅಲ್ಲಿಗೆ ಬರತೊಡಗಿದರು. ಹಕ್ಕಿ ಉಳಿಯಿತೆಂದು ಎಲ್ಲರೂ ನಂಬಿದರು.

ಆದರೆ ಒಂದು ಸಂಗತಿ ಬಿಡಿಸಲಾಗದೆ ಉಳಿದಿತ್ತು. ಮರಿಗಳು ಹಾರಿಹೋದ ಮೇಲೆ ಹಕ್ಕಿಗಳು ಆ ಕಾಡಿನಿಂದ ಕಾಣೆಯಾಗುತ್ತಿದ್ದವು. ಅವು ಹೋಗುವುದೆಲ್ಲಿಗೆ? ಇದನ್ನು ಕಂಡುಹಿಡಿಯಲು ಪೊವೆಲ್ ಮತ್ತು ಅವರ ಸಹೋದ್ಯೋಗಿ ರಾಬಿನ್ ಬ್ಯೋರ್ಕ್ ಹಕ್ಕಿಗಳ ಮೈಗೆ ಪುಟ್ಟ ರೇಡಿಯೋ ಪ್ರೇಷಕಗಳನ್ನು ಕಟ್ಟಿ, ಅವುಗಳಿಂದ ಬರುವ ಸಂಕೇತಗಳನ್ನು ಹಿಂಬಾಲಿಸಿದರು. ೧೯೯೫ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಕಣ್ತೆರೆಸುವಂತಿತ್ತು. ಮರಿ ಮಾಡುವ ಕಾಲ ಮುಗಿದೊಡನೆ ಹಕ್ಕಿಗಳು ಶಾಂತಸಾಗರದ ಕಡೆಯ ಇಳಿಜಾರಿನ ಕೆಳಗಿನ ಕಾಡುಗಳಿಗೆ ಇಳಿಯುತ್ತಿದ್ದವು. ಅಲ್ಲಿ ಕೆಲವು ತಿಂಗಳಿದ್ದು, ಮತ್ತೆ ಬೆಟ್ಟದ ನೆತ್ತಿಯನ್ನು ದಾಟಿ, ಅಟ್ಲಾಂಟಿಕ್ ಕಡೆಯ ಇಳಿಜಾರಿಗೆ ಹೋಗುತ್ತಿದ್ದವು. ಆ ಮೇಲೆ ಮರಿ ಮಾಡಲು ಮೊದಲಿನ ನೆಲೆಗೆ ಮರಳುತ್ತಿದ್ದವು. ಹಣ್ಣು ಎಲ್ಲಿ ಮಾಗುತ್ತದೆಯೋ ಅಲ್ಲಿಗೆ ಹಕ್ಕಿ. ವರ್ಷಕ್ಕೆ ಅದಕ್ಕೆ ಒಂದು ಮನೆಯಲ್ಲ, ಮೂರು ಮನೆ ಬೇಕು!

ಮೂರರಲ್ಲಿ ಚೆನ್ನಾಗಿ ಕಾವಲಿದ್ದುದು ಮರಿ ಮಾಡುವ ಮನೆಗೆ. ಶಾಂತಸಾಗರದ ಇಳಿಜಾರಿನ ಕಾಡನ್ನಂತೂ ಹೆಚ್ಚಾಗಿ ಕಡಿದು ಹುಲ್ಲುಗಾವಲು ಮಾಡಿದ್ದರು. ಉಳಿದವು ಖಾಸಗಿ ಜಮೀನುಗಳ ನಡುವಣ ತುಂಡುಗಳು. ಆ ತುಂಡುಗಳು ಹೋದರೆ ವರ್ಷದ ಕೆಲವು ತಿಂಗಳು ಹಕ್ಕಿಗೆ ಊಟವಿಲ್ಲ. ಉಪವಾಸಕ್ಕೆ ಕೆಲವು ತಿಂಗಳೇಕೆ, ಕೆಲವು ದಿನಗಳೇ ಸಾಕು. ಹೀಗೆ, ರಕ್ಷಿತಾರಣ್ಯವನ್ನು ಕಟ್ಟಲು ನೆರವಾದ ಪೊವೆಲ್ ಅವರೇ ಅದರ ಗಡಿ ಸಾಲದೆಂಬುದನ್ನೂ ತೋರಿಸಿಕೊಟ್ಟರು. ಗರಿಯ ವಿಷಯದಲ್ಲಿ ಹೇಳಿದ ಮಾತು ಇಲ್ಲಿಗೂ ಹೊಂದುತ್ತದೆ. ಕಾಡು ಎಷ್ಟಿದೆ ಎಂಬುದಷ್ಟೇ ಮುಖ್ಯವಲ್ಲ; ಅದು ಹೇಗೆ ಜೋಡಣೆಗೊಂಡಿದೆ ಎಂಬುದು ಮುಖ್ಯ.

ಮೇಲೇರುವ ಮೋಡ

ಕೊಡಲಿಯನ್ನು ತಡೆಯಬಹುದು, ಇಳಿಜಾರಿನ ಕಾಡುಗಳನ್ನು ಮತ್ತೆ ಬೆಸೆಯಬಹುದು. ಆದರೆ ಇನ್ನೊಂದು ಅಪಾಯ ಆಕಾಶದಲ್ಲಿದೆ.

ಕೆಟ್ಸಾಲಿನ ಕಾಡು ಮಳೆಯಿಂದಷ್ಟೇ ಬದುಕುವುದಿಲ್ಲ. ಕೆರಿಬಿಯನ್ ಸಮುದ್ರದಿಂದ ಬೀಸುವ ತೇವದ ಗಾಳಿ ಬೆಟ್ಟವನ್ನೇರುವಾಗ ಮೋಡವಾಗಿ ಕಾಡಿನ ಒಳಗೇ ಹಾದುಹೋಗುತ್ತದೆ. ಕೊಂಬೆಗಳ ಮೇಲಿನ ಹಾವಸೆ, ಜರೀಗಿಡ, ಸೀತಾಳೆಗಳು ಆ ಮೋಡವನ್ನು ಬಾಚಿ ಹನಿಯಾಗಿಸಿ ನೆಲಕ್ಕಿಳಿಸುತ್ತವೆ. ಮಳೆಯಿಲ್ಲದ ತಿಂಗಳುಗಳಲ್ಲಿ ಈ ಹನಿಗಳೇ ಕಾಡಿಗೆ ಆಧಾರ.

ಮೋಡ ಎಷ್ಟು ಎತ್ತರದಲ್ಲಿ ಹುಟ್ಟುವುದೆಂಬುದನ್ನು ಇಂಟರ್‌ಮೀಡಿಯೆಟ್ ತರಗತಿಯ ವಿದ್ಯಾರ್ಥಿಯೂ ಲೆಕ್ಕ ಹಾಕಬಹುದು. ಗಾಳಿ ಮೇಲೇರಿದಾಗ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗಿದಾಗ ತಣಿಯುತ್ತದೆ. ಮೋಡಗಟ್ಟುವ ಮೊದಲು, ೧೦೦ ಮೀಟರಿಗೆ ಸುಮಾರು ೧ ಡಿಗ್ರಿ ಸೆಂಟಿಗ್ರೇಡಿನಂತೆ ತಣಿಯುತ್ತದೆ. ಯಾವ ಉಷ್ಣತೆಯಲ್ಲಿ ಅದರ ಆವಿ ಹನಿಗಟ್ಟಲು ಮೊದಲಾಗುವುದೋ ಆ ಉಷ್ಣತೆಯನ್ನು ಇಬ್ಬನಿಯ ಬಿಂದು ಎನ್ನೋಣ. ಅದು ೧೦೦ ಮೀಟರಿಗೆ ಸುಮಾರು ೦.೨ ಡಿಗ್ರಿ ಮಾತ್ರ ಇಳಿಯುತ್ತದೆ. ಎಂದರೆ ಇವೆರಡರ ನಡುವಣ ಅಂತರ ೧೦೦ ಮೀಟರಿಗೆ ೦.೮ ಡಿಗ್ರಿಯಂತೆ ಕುಗ್ಗುತ್ತ ಹೋಗುವುದು. ೧ ಡಿಗ್ರಿ ಕುಗ್ಗಲು ೧೨೫ ಮೀಟರ್ ಏರಬೇಕು. ಬಯಲಿನಲ್ಲಿ ಗಾಳಿಯ ಉಷ್ಣತೆ ೨೭ ಡಿಗ್ರಿ, ಇಬ್ಬನಿಯ ಬಿಂದು ೧೯ ಡಿಗ್ರಿ ಇದ್ದರೆ ಅಂತರ ೮ ಡಿಗ್ರಿ. ಆಗ ಮೋಡದ ಬುಡ ಬಯಲಿನಿಂದ ೧,೦೦೦ ಮೀಟರ್ ಮೇಲಿರುವುದು. ಅಂತರ ೯ ಡಿಗ್ರಿಯಾದರೆ ಬುಡ ೧,೧೨೫ ಮೀಟರಿಗೆ ಏರುವುದು.

ಬಯಲಿನ ಕಾಡನ್ನು ಕಡಿದಾಗ ಏನಾಗುತ್ತದೆಂಬುದು ಇದರಿಂದ ತಿಳಿಯುತ್ತದೆ. ಮರಗಳು ಎಲೆಗಳ ಮೂಲಕ ಉಸಿರುವ ಆವಿ ಕಡಿಮೆಯಾಗಿ ಇಬ್ಬನಿಯ ಬಿಂದು ಇಳಿಯುವುದು. ನೆರಳು ತಪ್ಪಿದ ನೆಲ ಕಾದು ಗಾಳಿಯ ಉಷ್ಣತೆ ಏರುವುದು. ಎರಡು ಕಡೆಯಿಂದಲೂ ಅಂತರ ಹಿಗ್ಗಿ, ಮೋಡ ಮೇಲಕ್ಕೆ ಸರಿಯುವುದು. ೨೦೦೧ರಲ್ಲಿ ರಾಬರ್ಟ್ ಲಾಟನ್ ಮತ್ತು ಅವರ ಸಂಗಡಿಗರು ಉಪಗ್ರಹಗಳ ಚಿತ್ರಗಳನ್ನು ಪರಿಶೀಲಿಸಿದರು. ಕೋಸ್ಟ ರೀಕದ ಕಡಿದ ಬಯಲುಗಳ ಮೇಲೆ ಬೇಸಗೆಯಲ್ಲಿ ಮೋಡಗಳು ವಿರಳವಾಗಿದ್ದವು. ಗಡಿಯಾಚೆ ನಿಕರಾಗ್ವದ ಕಾಡುಳ್ಳ ಬಯಲುಗಳ ಮೇಲೆ ಹೆಚ್ಚಾಗಿದ್ದವು. ಬೆಟ್ಟದ ಮೇಲಿನ ಕಾಡನ್ನು ಕಾಪಾಡಿದರೂ ಕೆಳಗಿನ ಬಯಲು ಅದರ ಮೋಡವನ್ನು ಕಸಿಯಬಹುದು! ಇದರ ಜೊತೆಗೆ ಇಡೀ ಭೂಮಿಯ ವಾತಾವರಣವೂ ಬಿಸಿಯಾಗುತ್ತಿದೆ. ಮೊಂಟೆವೆರ್ಡೆಯಲ್ಲಿ ೧೯೭೦ರ ದಶಕದ ನಡುವಿನಿಂದ ಬೇಸಗೆಯಲ್ಲಿ ಮಂಜಿಲ್ಲದ ದಿನಗಳು ಹೆಚ್ಚಾಗಿವೆಯೆಂದು ಅಲನ್ ಪೌಂಡ್ಸ್ ಮತ್ತು ಸಂಗಡಿಗರು ೧೯೯೯ರಲ್ಲಿ ತೋರಿಸಿದರು.

ಹವೆ ಬದಲಾದರೆ ಜೀವಿಗಳೂ ಸ್ಥಳ ಬದಲಿಸುತ್ತವೆ. ದೊಡ್ಡ ಬಣ್ಣದ ಕೊಕ್ಕಿನ ಟೂಕನ್ ಎಂಬ ಹಕ್ಕಿಯೊಂದು ಮೊದಲು ಬೆಟ್ಟದ ಕೆಳಭಾಗದಲ್ಲಿತ್ತು. ಅದು ಮೇಲೇರಿ ಬಂದು ಕೆಟ್ಸಾಲಿನ ಪಕ್ಕದಲ್ಲಿಯೇ ಗೂಡು ಮಾಡುತ್ತಿರುವುದನ್ನೂ ಪೌಂಡ್ಸ್ ದಾಖಲಿಸಿದರು. ಟೂಕನ್ ಹಣ್ಣನ್ನು ತಿನ್ನುವುದಲ್ಲದೆ ಬೇರೆ ಹಕ್ಕಿಗಳ ಮೊಟ್ಟೆಮರಿಗಳನ್ನೂ ಕದಿಯುತ್ತದೆ. ಪೊಟರೆಗಳಿಗೂ ಹಕ್ಕು ಹೂಡುತ್ತದೆ.

ಹಾಗಾದರೆ ಕೆಟ್ಸಾಲೂ ಮೇಲಕ್ಕೆ ಹೋಗಬಾರದೆ? ಹೋಗಬಹುದು, ಆದರೆ ಬೆಟ್ಟಕ್ಕೆ ತುದಿಯಿದೆ. ಬೆಟ್ಟವನ್ನು ಶಂಕುವೆಂದು ಭಾವಿಸೋಣ. ಮೋಡದ ಬುಡದಿಂದ ಶಿಖರಕ್ಕೆ ೩೦೦ ಮೀಟರ್ ಇರಲಿ. ಮೋಡ ೧೫೦ ಮೀಟರ್ ಮೇಲೇರಿತೆಂದರೆ ಎತ್ತರ ಅರ್ಧವಾಯಿತು. ಮೋಡದೊಳಗಿನ ನೆಲವೂ ಅರ್ಧವಾಯಿತೆ? ಇಲ್ಲ, ಕಾಲುಪಾಲು ಆಯಿತು. ಏಕೆಂದರೆ ವಿಸ್ತೀರ್ಣ ಎತ್ತರದ ವರ್ಗಕ್ಕೆ ಅನುಗುಣವಾಗಿದೆ. ನಿಜವಾದ ಬೆಟ್ಟಗಳು ಶಂಕುಗಳಲ್ಲವಾದರೂ ಲೆಕ್ಕದ ಜಾಡು ಇದೇ. ಬೆಟ್ಟದಿಂದ ಬೆಟ್ಟಕ್ಕೆ ಕಾಡಿನ ಹಾದಿಯಿಲ್ಲದಿದ್ದರೆ ಒಂದೊಂದು ಶಿಖರವೂ ಒಂದೊಂದು ದ್ವೀಪ. ಅದರಲ್ಲಿ ಸಿಕ್ಕಿದ ಹಕ್ಕಿಗಳು ದಿನೇ ದಿನೇ ಕಿರಿದಾಗುವ ದ್ವೀಪದ ಸೆರೆಯಾಳುಗಳು.

ಮಕ್ಕಳು ಕೊಂಡ ಕಾಡು

ಅಪಾಯವನ್ನಷ್ಟೇ ಹೇಳಿ ನಿಲ್ಲಿಸಿದರೆ ಕಥೆ ಪೂರ್ತಿಯಾಗದು. ೧೯೪೦ರ ದಶಕದಲ್ಲಿ ಕೋಸ್ಟ ರೀಕದ ನೆಲದಲ್ಲಿ ಸುಮಾರು ಮುಕ್ಕಾಲು ಪಾಲು ಕಾಡಿತ್ತು. ೧೯೮೦ರ ದಶಕದ ಹೊತ್ತಿಗೆ ಅದು ಕಾಲುಪಾಲಿನ ಆಸುಪಾಸಿಗೆ ಇಳಿದಿತ್ತು. ಆ ದೇಶ ೧೯೯೬ರಲ್ಲಿ ಕಾನೂನು ಮಾಡಿ, ನೈಸರ್ಗಿಕ ಕಾಡನ್ನು ಬೇರೆ ಉಪಯೋಗಕ್ಕೆ ಬದಲಿಸುವುದನ್ನು ನಿಷೇಧಿಸಿತು. ಮರಗಳನ್ನು ಉಳಿಸಿಕೊಂಡ ಜಮೀನುದಾರರಿಗೆ ಹಣ ಕೊಡುವ ವ್ಯವಸ್ಥೆಯನ್ನೂ ಮಾಡಿತು. ಕಾಡು ಮತ್ತೆ ಹಬ್ಬಿ, ದೇಶದ ಅರ್ಧ ನೆಲವನ್ನು ಮೀರಿತು. ಆದರೆ ಮರಳಿ ಬೆಳೆದ ಎಳೆಯ ಕಾಡಿನಲ್ಲಿ, ಕೊಳೆತು ನಿಂತ ಮುದಿಮರಗಳು ಸಿಗಲು ಇನ್ನೂ ಎಷ್ಟೋ ವರ್ಷ ಬೇಕು ಎಂಬುದನ್ನು ಮರೆಯಬಾರದು.

ಇನ್ನೊಂದು ಪ್ರಯತ್ನ ನಮ್ಮ ವಿದ್ಯಾರ್ಥಿ ಓದುಗರಿಗೆ ವಿಶೇಷವಾಗಿ ರುಚಿಸಬಹುದು. ೧೯೮೭ರಲ್ಲಿ ಸ್ವೀಡನ್ ದೇಶದ ಒಂದು ಸಣ್ಣ ಹಳ್ಳಿ ಶಾಲೆಯ ಮಕ್ಕಳು ಮಳೆಕಾಡುಗಳ ನಾಶದ ವಿಷಯವನ್ನು ಕೇಳಿ, ಕಾಡನ್ನು ಕೊಂಡು ಉಳಿಸೋಣವೆಂದು ಹಣ ಕೂಡಿಸಲು ತೊಡಗಿದರು. ಅನೇಕ ದೇಶಗಳ ಮಕ್ಕಳು ಅವರೊಂದಿಗೆ ಸೇರಿದರು. ಆ ಹಣದಿಂದ ಮೊಂಟೆವೆರ್ಡೆಯ ಸುತ್ತ, ಹೆಚ್ಚಾಗಿ ಅಟ್ಲಾಂಟಿಕ್ ಕಡೆಯ ಇಳಿಜಾರಿನಲ್ಲಿ, ಒಂದೊಂದೇ ತುಂಡು ಕಾಡನ್ನು ಕೊಂಡು ಬೆಸೆಯುತ್ತ ಬಂದರು. ಇಂದು ‘ಮಕ್ಕಳ ಶಾಶ್ವತ ಮಳೆಕಾಡು’ ಎಂಬ ಹೆಸರಿನ ಆ ಅರಣ್ಯ ೨೨,೦೦೦ ಹೆಕ್ಟೇರನ್ನು ಮೀರಿದೆ. ಕೆಟ್ಸಾಲಿನ ಮೂರು ಮನೆಗಳಲ್ಲಿ ಒಂದಕ್ಕೆ ಮಕ್ಕಳೇ ಕಾವಲುಗಾರರಾದರು. ಶಾಂತಸಾಗರದ ಇಳಿಜಾರಿನಲ್ಲಿಯೂ ಹೊಲಗದ್ದೆಗಳ ನಡುವೆ ಮರಗಳ ಸಾಲು ಬೆಳೆಸಿ ತುಂಡುಕಾಡುಗಳನ್ನು ಜೋಡಿಸುವ ಕೆಲಸ ನಡೆದಿದೆ. ಮೋಡವನ್ನು ಕೆಳಗಿಳಿಸುವುದು ಮಾತ್ರ ಒಂದು ಊರಿನಿಂದಲೋ ಒಂದು ದೇಶದಿಂದಲೋ ಆಗುವ ಕೆಲಸವಲ್ಲ. ಭೂಮಿಯ ಉಷ್ಣತೆ ಏರದಂತೆ ನೋಡಿಕೊಳ್ಳುವ ಹೊಣೆ ಕಲ್ಲಿದ್ದಲು ಎಣ್ಣೆಗಳನ್ನು ಉರಿಸುವ ಎಲ್ಲರದು, ನಮ್ಮದೂ ಹೌದು.

ಕೆಟ್ಸಾಲಿನ ಕಥೆಯಿಂದ ನಾವು ಕಲಿಯತಕ್ಕದ್ದು ಇಷ್ಟು. ಹಕ್ಕಿಯೊಂದನ್ನು ಉಳಿಸಬೇಕಾದರೆ ಅದು ಕಣ್ಣಿಗೆ ಕಾಣುವ ತಿಂಗಳುಗಳ ನೆಲೆಯನ್ನು ಕಾಯ್ದರೆ ಸಾಲದು. ಕಾಣದ ತಿಂಗಳುಗಳಲ್ಲಿ ಅದು ಎಲ್ಲಿರುತ್ತದೆ, ಏನನ್ನು ತಿನ್ನುತ್ತದೆ, ಆ ಮರಕ್ಕೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನೆಲ್ಲ ತಿಳಿದಿರಬೇಕು. ನಮ್ಮ ಘಟ್ಟದ ಟ್ರೋಗನ್ ಕೂಡ ಕೊಳೆತ ಮರದಲ್ಲಿಯೇ ಪೊಟರೆ ತೋಡುತ್ತದೆ. ಮಲೆನಾಡಿನ ಹಾದಿಯಲ್ಲಿ ಹಾವಸೆ ಹಿಡಿದು ನಿಂತಿರುವ ಸತ್ತ ಮರವೊಂದು ಕಂಡರೆ, ಅದು ಸೌದೆಯೆಂದು ತೀರ್ಮಾನಿಸುವ ಮೊದಲು ಅದರಲ್ಲಿ ಸಣ್ಣದೊಂದು ಬಾಗಿಲು ಉಂಟೋ ಇಲ್ಲವೋ ಎಂಬುದನ್ನು ನೋಡುವುದು ಒಳ್ಳೆಯದು.